ಟಚಿಂಗಕ್ಕ ಅಳಿಸಿದ್ದು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಟಚಿಂಗಕ್ಕ ಎಂದೇ ಕರೆಯುತ್ತಿದ್ದರು. ಚಿಕ್ಕವರಿಗೂ ಟಚಿಂಗಕ್ಕ, ತಲೆ ನೆರೆತವರಿಗೂ ಟಚಿಂಗಕ್ಕ. ಎದುರು ಸಾಲಿನ ಕೀಲಿ ರಿಪೇರಿಯವನು ಅವಳಿಗಿಂತ ಹತ್ತು ವರ್ಷವಾದರೂ ದೊಡ್ಡವನು. ಅವನೂ ಬಿಡುತ್ತಿರಲಿಲ್ಲ. "ಏನು ಟಚಿಂಗಕ್ಕಾ, ಊರವರ ಮುಖಾನೆಲ್ಲ ತಿದ್ತೀರ, ನನ್ನ ಮೂಗಿನ ಮೇಲೂ ಒಂದಿಷ್ಟು ಕೈಯಾಡಿಸಬಾರ್ದಾ?" ಎನ್ನುತ್ತಿದ್ದ. ಅವಳೇನು ಸುಮ್ಮನಿರುವ ಗಿರಾಕಿಯೇ? "ನಿಮ್ಮ ಮೂಗಿಗೆ ಪೆನ್ಸಿಲ್ ಸಾಲಲ್ಲ, ನಿಮ್ಮ ಅರಾನೇ ತಗೊಂಡು ಬರಬೇಕು" ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದಳು.

ಕೆಳಗೆ ಸ್ಟುಡಿಯೋ, ಮೇಲೆ ಮನೆ. ಹತ್ತೊಂಬತ್ತು ವರ್ಷದವಳಿದ್ದಾಗ ಕೆಲಸ ಕೇಳಿಕೊಂಡು ಆ ಸ್ಟುಡಿಯೋದ ಬಾಗಿಲು ದಾಟಿದವಳು ಅವಳು. ಆಗಿನ್ನೂ ಫಿಲ್ಮಿನ ಕಾಲ. ಇಳಿಜಾರಾದ ಗಾಜಿನ ಮೇಜು, ಅದರಡಿ ಬೆಳಕನ್ನು ಮೇಲಕ್ಕೆಸೆಯುವ ಕನ್ನಡಿ, ಗಾಜಿನ ಮೇಲೆ ನೆಗೆಟಿವ್, ಕೈಯಲ್ಲಿ ಸೂಜಿಯಂತೆ ಹೆರೆದ ಪೆನ್ಸಿಲ್. ಉಸಿರು ಬಿಗಿಹಿಡಿದು ಚುಕ್ಕೆ ಚುಕ್ಕೆ ಇಟ್ಟು ಮೊಡವೆ ಮಾಯ ಮಾಡುತ್ತಿದ್ದಳು, ಗಾಯದ ಗುರುತು ಮಾಯ ಮಾಡುತ್ತಿದ್ದಳು, ನಿದ್ದೆಗೆಟ್ಟವರ ಕಣ್ಣಡಿಯ ಕಪ್ಪನ್ನು ಒರೆಸಿ ತೆಗೆದಂತೆ ತೆಗೆಯುತ್ತಿದ್ದಳು. ಅದಕ್ಕೇ ಟಚಿಂಗ್ ಎನ್ನುವುದು, ಅವಳಿಗೆ ಹೆಸರು ಬಂದದ್ದೂ ಅದರಿಂದಲೇ. ತೀರಿಕೊಂಡ ಅಪ್ಪನನ್ನು ಹಳೆಯ ಚಿತ್ರದಿಂದ ಕತ್ತರಿಸಿ ತಂದು ಮಕ್ಕಳ ಸಾಲಿನ ನಡುವೆ ಕೂರಿಸಿಬಿಟ್ಟರಂತೂ ಮುಗಿಯಿತು, ಆ ಮನೆಯವರೇ "ಅವತ್ತು ಅಪ್ಪ ಯಾವ ಅಂಗಿ ಹಾಕ್ಕೊಂಡು ಬಂದಿದ್ರು ನೋಡು" ಎಂದು ಮಾತಾಡಿಕೊಳ್ಳುವಷ್ಟು ನಯವಾದ ಕೈ. ಆ ಕೈ ನೋಡಿಯೇ ಸ್ಟುಡಿಯೋದವರ ಮಗ ಅವಳನ್ನು ಮದುವೆಯಾದದ್ದು ಎಂದು ಜನ ಹೇಳುತ್ತಿದ್ದರು. ಅವರೂ ಅಲ್ಲಗಳೆಯಲಿಲ್ಲ. "ಮುಖ ಆಮೇಲೆ ನೋಡಿದೆ" ಎನ್ನುತ್ತಿದ್ದರು.

ಗಂಡ ಫೋಟೋ ತೆಗೆಯುವುದು, ಹೆಂಡತಿ ತಿದ್ದುವುದು. ಮೂವತ್ತು ವರ್ಷ ಹೀಗೆ ನಡೆಯಿತು. ಆ ಮೂವತ್ತು ವರ್ಷದಲ್ಲಿ ಅವಳಿಗೆ ಒಂದು ಅಭ್ಯಾಸ ರಕ್ತಕ್ಕೇ ಇಳಿದುಬಿಟ್ಟಿತ್ತು. ಅವರು ಕ್ಯಾಮೆರಾ ಎತ್ತಿದರೆ ಸಾಕು, ಅವಳು ಎಲ್ಲಿದ್ದರೂ ಪಕ್ಕಕ್ಕೆ ಸರಿಯುತ್ತಿದ್ದಳು. ಮಾತು ಅರ್ಧದಲ್ಲಿದ್ದರೂ ಸರಿ, ಕೈಯಲ್ಲಿ ಬಿಸಿ ಪಾತ್ರೆಯಿದ್ದರೂ ಸರಿ, ಮೈ ತಾನಾಗಿ ಜಾರುತ್ತಿತ್ತು. ಚಿತ್ರದಲ್ಲಿ ಗಿರಾಕಿ ಇರಬೇಕು, ಕೆಲಸದವರು ಇರಬಾರದು. ಅದು ಮಾವನವರು ಮೊದಲ ದಿನವೇ ಕಲಿಸಿದ ಪಾಠ.

ಆರು ವಾರದ ಹಿಂದೆ ಒಂದು ಬೆಳಿಗ್ಗೆ, ಪಾಸ್‌ಪೋರ್ಟ್ ಫೋಟೋಕ್ಕೆ ಬಂದು ಕೂತಿದ್ದ ಮೇಷ್ಟ್ರಿಗೆ ಗದ್ದ ಸ್ವಲ್ಪ ಎತ್ತಿ ಎಂದು ಹೇಳಲು ಹೋದ ಗಂಡನ ಬಾಯಿಂದ ಮಾತು ಬರಲಿಲ್ಲ. ಬಲಗೈಯ ಕ್ಯಾಮೆರಾ ನೆಲಕ್ಕೆ ಬಿತ್ತು. ಅದರ ಹಿಂದೆಯೇ ಅವರೂ ಬಿದ್ದರು. ಮೂರು ದಿನ ಐಸಿಯುನಲ್ಲಿ, ಹನ್ನೊಂದು ದಿನ ವಾರ್ಡಿನಲ್ಲಿ ಇದ್ದು ಮನೆಗೆ ಬಂದಾಗ ಬಲಗೈ ಮೈಗಂಟಿಕೊಂಡ ವಸ್ತುವಿನಂತೆ ತೂಗುತ್ತಿತ್ತು. ಬಲಗಾಲನ್ನು ಎಳೆದು ಇಡುತ್ತಿದ್ದರು. ಮಾತೆಲ್ಲ ಹೋಗಿ ಒಂದೇ ಒಂದು ಪದ ಉಳಿದಿತ್ತು: ರೆಡಿ.

ಮೂವತ್ತು ವರ್ಷ ದಿನಕ್ಕೆ ನೂರು ಸಲ ಹೇಳಿದ ಪದ. ಹಾಗಾಗಿ ಉಳಿಯಿತೋ ಏನೋ. ಹಸಿವಾದರೆ ರೆಡಿ. ಹೊಟ್ಟೆ ತುಂಬಿದರೂ ರೆಡಿ. ಸಿಟ್ಟು ಬಂದರೆ ಹಲ್ಲು ಕಚ್ಚಿ ರೆಡಿ, ಕಣ್ಣೀರು ಬಂದರೆ ಗಂಟಲು ಕಟ್ಟಿ ರೆಡಿ. ಹೌದಾ ಎಂದು ಕೇಳಿದರೂ ತಲೆಯಾಡಿಸುವರು, ಅಲ್ಲವಾ ಎಂದು ಕೇಳಿದರೂ ತಲೆಯಾಡಿಸುವರು. ಪೆನ್ನು ಕೊಟ್ಟರೆ ಎಡಗೈಯಲ್ಲಿ ಗೀಚುವರು, ಅಕ್ಷರ ಮಾತ್ರ ಆಗುತ್ತಿರಲಿಲ್ಲ. ಒಳಗೆ ಎಲ್ಲ ಇದೆ, ಹೊರಗೆ ಬರುವ ಬಾಗಿಲು ಮುಚ್ಚಿದೆ ಎಂದು ಡಾಕ್ಟರು ವಿವರಿಸಿದ್ದರು.

ಮಗಳು ಈಗ ಕೆಳಗೆ ಸ್ಟುಡಿಯೋ ನೋಡಿಕೊಳ್ಳುತ್ತಿದ್ದಳು. ಅಪ್ಪ ಕಿಟಕಿಯ ಬಳಿ ಕೂತು ಎಡಗೈಯನ್ನು ಕ್ಯಾಮೆರಾದಂತೆ ಕಣ್ಣಿನ ಮುಂದೆ ಹಿಡಿದು ಬೀದಿಯನ್ನು ಅಳೆಯುವುದನ್ನು ನೋಡಲಾರದೆ ಒಂದು ದಿನ ಹಳೆಯ ಸಣ್ಣ ಕ್ಯಾಮೆರಾ ತಂದು ಅವರ ತೊಡೆಯ ಮೇಲಿಟ್ಟಳು. ಕ್ಯಾಮೆರಾದ ಗುಂಡಿ ಇರುವುದು ಬಲಗಡೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಆಮೇಲೆ ತಲೆಕೆಳಗು ಮಾಡಿ ಹಿಡಿದರು. ಗುಂಡಿ ಎಡಗೈಯ ಹೆಬ್ಬೆರಳಿಗೆ ಸಿಕ್ಕಿತು. ಅಂದಿನಿಂದ ಆ ಮನೆಯ ಪ್ರಪಂಚವೆಲ್ಲ ತಲೆಕೆಳಗಾಗಿಯೇ ಸೆರೆಯಾಗತೊಡಗಿತು.

ಎದುರಿಗಿದ್ದದ್ದನ್ನು ಬೆರಳಿಟ್ಟು ತೋರಿಸಬಹುದು. ಎದುರಿಗಿಲ್ಲದ್ದನ್ನು? ಅದಕ್ಕೆ ಚಿತ್ರ. ಕಿಟಕಿಯಿಂದ ಕ್ಷೌರದಂಗಡಿಯ ಬಾಗಿಲಿನ ಚಿತ್ರ ತೆಗೆದರು, ಗಡ್ಡ ತೆಗೆಸಬೇಕಂತೆ. ಕ್ಯಾಮೆರಾದ ಹಿಂದಿನ ಪರದೆ ಎಂದೋ ಸತ್ತಿತ್ತು. ಚಿತ್ರ ನೋಡಬೇಕೆಂದರೆ ಕಾರ್ಡು ತೆಗೆದು ಕೆಳಗೆ ಹೋಗಿ ಕಂಪ್ಯೂಟರಿಗೆ ಹಾಕಿ ಪ್ರಿಂಟ್ ಮಾಡಿಕೊಂಡು ಬರಬೇಕು. "ನಿಮ್ಮ ಮಾತು ಪ್ರಿಂಟಾಗಿ ಬರೋ ಹೊತ್ತಿಗೆ ಗಡ್ಡ ಎದೆ ಮುಟ್ಟಿರುತ್ತೆ ಕಣ್ರೀ" ಎಂದಳು ಟಚಿಂಗಕ್ಕ. ಆರು ವಾರದಲ್ಲಿ ಮೊದಲ ಸಲ ಅವರು ನಕ್ಕರು. ಅರ್ಧ ಬಾಯಿಯ ನಗು, ಆದರೂ ನಗು.

ಹೀಗಿರುವಾಗ ಸೋಮವಾರ ಆಸ್ಪತ್ರೆಗೆ ಕರೆಸಿದರು.

"ಕುತ್ತಿಗೆಯ ಎಡಗಡೆಯ ರಕ್ತನಾಳ ಮುಕ್ಕಾಲು ಮುಚ್ಚಿದೆ" ಎಂದರು ಡಾಕ್ಟರು. "ಆಪರೇಷನ್ ಮಾಡಿ ತೆಗೆಯಬಹುದು. ಮಾಡದೇ ಇದ್ದರೆ ಇನ್ನೊಂದು ಸಲ ಲಕ್ವ ಹೊಡೆಯೋ ಸಾಧ್ಯತೆ ಜಾಸ್ತಿ. ಮಾಡೋವಾಗಲೂ ಹೊಡೀಬಹುದು, ಅದನ್ನು ಮುಚ್ಚಿಡಲ್ಲ. ಮುಂದಿನ ಸೋಮವಾರದ ಪಟ್ಟಿಯಲ್ಲಿ ಜಾಗ ಇದೆ. ಏನು ಹೇಳ್ತೀರಿ, ಯಜಮಾನ್ರೇ?"

"ರೆಡಿ" ಎಂದರು ಅವರು.

ಡಾಕ್ಟರ ಮುಖ ಅರಳಿತು. "ಶಹಬ್ಬಾಸ್!" ಎಂದು ಪೆನ್ನು ತೆಗೆದರು.

"ಡಾಕ್ಟ್ರೇ, ತಡೀರಿ" ಎಂದಳು ಟಚಿಂಗಕ್ಕ. ಗಂಡನ ಕಡೆ ತಿರುಗಿ, "ರೀ, ಆಪರೇಷನ್ ಬೇಡವಾ?" ಎಂದು ಕೇಳಿದಳು.

"ರೆಡಿ."

ಡಾಕ್ಟರು ಪೆನ್ನು ಮುಚ್ಚಿದರು. ಕನ್ನಡಕ ತೆಗೆದು ಮೂಗಿನ ಮೇಲ್ಗಡೆ ಉಜ್ಜಿಕೊಂಡರು. "ನೋಡಿ ಅಮ್ಮಾ, ಬುದ್ಧಿ ನೆಟ್ಟಗಿರೋ ಮನುಷ್ಯ. ಅವರು ಬೇಕು ಅಂದ್ರೆ ಮಾಡ್ತೀನಿ, ಬೇಡ ಅಂದ್ರೆ ಬಿಡ್ತೀನಿ. ನೀವು ಸಹಿ ಹಾಕಿದ್ರೂ ನಡಿಯುತ್ತೆ, ಆದರೆ ಅವರ ಮನಸ್ಸು ತಿಳ್ಕೊಂಡು ಹಾಕಿ. ಅವರನ್ನ ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಶುಕ್ರವಾರ ಸಾಯಂಕಾಲ ನಾಲ್ಕಕ್ಕೆ ಪಟ್ಟಿ ಮುಗಿಸ್ತೀನಿ. ಅಷ್ಟರೊಳಗೆ ಹೇಳಿ."

ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ! ಹೌದು ಎಂದು ಸಹಿ ಹಾಕಿ, ಮೇಜಿನ ಮೇಲೇ ಏನಾದರೂ ಆಗಿಬಿಟ್ಟರೆ? ಬೇಡ ಎಂದು ಬಿಟ್ಟು, ನಾಳೆ ಬೆಳಿಗ್ಗೆ ಆ ರೆಡಿಯೂ ಇಲ್ಲವಾದರೆ? ಬಸ್ಸಿನಲ್ಲಿ ಮನೆಗೆ ಬರುವಾಗ ಗಂಡ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಕಿಟಕಿಯ ಹೊರಗೆ ನೋಡಿದಳು.

ಮಂಗಳವಾರ ಬೆಳಿಗ್ಗೆ ಅವರು ತಾವೇ ಎದ್ದು ಕ್ಯಾಮೆರಾ ಕೈಗೆತ್ತಿಕೊಂಡರು. ಅವಳು ಆಗ ಅವರ ಕುರ್ಚಿಯ ದಿಂಬನ್ನು ಕೊಡವಲು ಕೈಹಾಕಿದ್ದಳು. ಕ್ಯಾಮೆರಾ ಮೇಲೇಳುವುದು ಕಂಡದ್ದೇ ದಿಂಬು ಬಿಟ್ಟು ಸರಿದಳು. ಕ್ಲಿಕ್ಕೆಂದಿತು. ಕಾರ್ಡು ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿಸಿದರು. ಇದು ಗಡ್ಡದ ಮಾತಲ್ಲ ಎಂದು ಅವಳಿಗೆ ತಕ್ಷಣ ಗೊತ್ತಾಯಿತು. ಕಾರ್ಡು ಹಿಡಿದು ಮೆಟ್ಟಿಲಿಳಿದಳು.

ಕಂಪ್ಯೂಟರಿನಲ್ಲಿ ಚಿತ್ರವನ್ನು ತಿರುಗಿಸಿ ನೆಟ್ಟಗೆ ಮಾಡಿದಳು. ಮಸುಕಾಗಿತ್ತು, ಓರೆಯಾಗಿತ್ತು, ಅಂಚಿನಲ್ಲಿ ಏನೋ ಕಸ ಬಂದಿತ್ತು. ಓರೆ ತಿದ್ದಿದಳು. ಪಕ್ಕದ ಗೋಡೆಯ ಬಣ್ಣ ಎತ್ತಿ ಕಸದ ಮೇಲೆ ಹಾಕಿ ಅಳಿಸಿದಳು. ಎರಡು ನಿಮಿಷದ ಕೆಲಸ; ಕೈ ತನ್ನಷ್ಟಕ್ಕೆ ಮಾಡುವ ಕೆಲಸ, ಉಸಿರಾಡಿದ ಹಾಗೆ. ಪ್ರಿಂಟ್ ಹೊರಗೆ ಬಂದಾಗ ಕೈಯಲ್ಲಿ ಹಿಡಿದು ನೋಡಿದಳು.

ಅವರ ಕುರ್ಚಿ. ಖಾಲಿ ಕುರ್ಚಿ. ದಿಂಬಿನಲ್ಲಿ ಕೂತವರ ಗುರುತು ಮಾತ್ರ ಉಳಿದಿತ್ತು.

ಮಗಳು ಕತ್ತರಿಯಲ್ಲಿ ಫೋಟೋ ಕತ್ತರಿಸುತ್ತಾ, "ಏನಮ್ಮಾ, ಏನಂತೆ?" ಎಂದಳು. "ಏನಿಲ್ಲ, ಕುರ್ಚಿ" ಎಂದಳು ಇವಳು.

ಮೇಲೆ ತಂದು ಗಂಡನ ಮುಂದಿಟ್ಟಳು. ಅವರು ಬಗ್ಗಿ ನೋಡಿದರು. ನೋಡುತ್ತಾ ನೋಡುತ್ತಾ ಅವರ ಹುಬ್ಬು ಗಂಟಿಕ್ಕಿತು. ಚಿತ್ರದ ಮೇಲೆ ಬೆರಳಾಡಿಸಿದರು, ಅವಳ ಮುಖ ನೋಡಿದರು, "ರೆಡಿ, ರೆಡಿ, ರೆಡಿ!" ಎಂದು ಮೇಜು ಗುದ್ದಿ ಚಿತ್ರವನ್ನು ಆಚೆ ತಳ್ಳಿದರು.

"ಗೊತ್ತಾಯ್ತು ಕಣ್ರೀ, ಗೊತ್ತಾಯ್ತು" ಎಂದು ಅವಳು ಬೆನ್ನು ಸವರಿದಳು. ಏನು ಗೊತ್ತಾಯಿತೋ ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗಿರಲಿಲ್ಲ.

ಬುಧವಾರ ಎರಡು ಚಿತ್ರ. ಒಂದು ಮೆಟ್ಟಿಲಿನ ಕಡೆಯ ಬಾಗಿಲು: ಹಾರು ಹೊಡೆದಿದೆ, ಆಚೆ ಬೆಳಕು, ಯಾರೂ ಇಲ್ಲ. ಇನ್ನೊಂದು ಹಾಸಿಗೆ: ಅವರು ಮಲಗುವ ಬದಿ, ಮಡಿಕೆಯಿಲ್ಲದ ಹೊದಿಕೆ, ಯಾರೂ ಇಲ್ಲ. ಎರಡರಲ್ಲೂ ಅಂಚಿಗೆ, ಪಕ್ಕಕ್ಕೆ ಅಲುಗಿದ ಕಲೆಗಳಿದ್ದವು. ಕೈ ನಡುಗುವವರ ಚಿತ್ರದಲ್ಲಿ ಅದೆಲ್ಲ ಇದ್ದದ್ದೇ. ಅವಳು ಶ್ರದ್ಧೆಯಿಂದ ತೆಗೆದಳು. ಪಾಪ, ಇಷ್ಟು ಕಷ್ಟಪಟ್ಟು ತೆಗೆದಿದ್ದಾರೆ, ನೋಡುವಾಗಲಾದರೂ ಚೆಂದ ಕಾಣಲಿ ಎಂದು.

ಚಿತ್ರ ಚೆಂದವಾದಷ್ಟೂ ಅವಳ ಜೀವ ಕುಗ್ಗಿತು. ಖಾಲಿ ಕುರ್ಚಿ, ತೆರೆದ ಬಾಗಿಲು, ಬರಿದು ಹಾಸಿಗೆ. ಇದಕ್ಕಿಂತ ಬಿಡಿಸಿ ಇನ್ನು ಹೇಗೆ ಹೇಳುತ್ತಾರೆ ಮನುಷ್ಯರು?

ಅಂದು ಮಧ್ಯಾಹ್ನ ಅತ್ತಿಗೆ ಬಂದರು, ಗಂಡನ ಅಕ್ಕ. ತಮ್ಮನಿಗೆ ಮಾತು ಹೋಗಿದೆ ಎಂದರೆ ಕಿವಿ ಹೋಗಿದೆ ಎಂದೇ ಅವರ ಲೆಕ್ಕ. ಮೆಟ್ಟಿಲಲ್ಲೇ ಶುರುಮಾಡಿದರು: "ಏನಪ್ಪಾ! ಊಟ ಮಾಡಿದ್ಯಾ! ನಾನು ಯಾರು ಗೊತ್ತಾಯ್ತಾ!"

"ಅತ್ತಿಗೇ, ಅವರಿಗೆ ಕೇಳ್ಸುತ್ತೆ. ಎದುರು ಕೀಲಿಯವರಿಗೂ ಕೇಳಿಸ್ತು" ಎಂದಳು ಟಚಿಂಗಕ್ಕ.

"ಕೇಳಿಸ್ಲಿ ಬಿಡು, ಆ ಮೂಗಿನವನಿಗೆ ನಾನೇನು ಹೆದರ್ತೀನಾ?" ಎಂದು ಅತ್ತಿಗೆ ಕೂತರು. ಚಹಾ ಕುಡಿಯುತ್ತಾ ಮೂರೂ ಚಿತ್ರ ನೋಡಿದರು. ಅವರ ದೊಡ್ಡ ದನಿ ಒಮ್ಮೆಲೇ ಇಳಿದುಹೋಯಿತು. ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, "ನೋಡೇ, ಅವನು ಚಿಕ್ಕಂದಿನಿಂದ ಹಟಮಾರಿ. ಹೋಗೋದಾದ್ರೆ ಮನೆಯಿಂದಲೇ ಹೋಗ್ತೀನಿ ಅಂತಿದಾನೆ. ಕತ್ತಿಗೆ ಕುತ್ತಿಗೆ ಕೊಡಲ್ಲ ಅಂತಿದಾನೆ. ಬಲವಂತ ಮಾಡಬೇಡ" ಎಂದರು. ಅವಳು ಒಲೆಯ ಕಡೆ ತಿರುಗಿ ನಿಂತಳು. ತನ್ನ ಮನಸ್ಸಿನಲ್ಲಿದ್ದದ್ದನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿದರೆ ಅದು ಎರಡು ಪಟ್ಟು ನಿಜವಾಗಿಬಿಡುತ್ತದೆ.

ಮಗಳು ಮಾತ್ರ ಒಪ್ಪಲಿಲ್ಲ. "ಅಪ್ಪ ಸಾಯೋ ಮಾತು ಹೇಳೋರಾದ್ರೆ ಪ್ರತಿ ಸಲ ಪ್ರಿಂಟ್ ನೋಡಿ ಯಾಕೆ ಸಿಟ್ಟಾಗ್ತಾರೆ? ನಾವು ತಪ್ಪು ಓದ್ತಿದೀವಿ ಅಂತ ತಾನೆ?"

"ಹಾಗಾದ್ರೆ ಸರಿಯಾಗಿ ನೀನೇ ಓದು!" ಎಂದು ಇವಳು ರೇಗಿದಳು. ಮಗಳಿಗೂ ಓದಲಾಗಲಿಲ್ಲ.

ಗುರುವಾರ ಅವರು ಕ್ಯಾಮೆರಾ ಹಿಡಿದು ಅವಳ ಹಿಂದೆಯೇ ಕಾಲೆಳೆಯುತ್ತಾ ತಿರುಗಿದರು. ಅಡುಗೆಮನೆಗೆ ಬಂದರು, ಬಟ್ಟೆ ಒಣಹಾಕುವ ಕಡೆಗೆ ಬಂದರು. ಅವಳು ಬಟ್ಟೆ ಹಿಂಡುವುದನ್ನು ಬಿಟ್ಟು ದಾರಿ ಕೊಟ್ಟಳು, ತಂತಿಯ ಪಕ್ಕ ಗೋಡೆಗೊತ್ತಿ ನಿಂತಳು. "ತಗೊಳ್ಳಿ, ತಗೊಳ್ಳಿ, ನಾನು ಅಡ್ಡ ಬರಲ್ಲ" ಎಂದಳು. ಅವರು ಹಲ್ಲು ಕಚ್ಚಿ "ರೆಡಿ" ಎಂದರು. ಎಡಗೈ ಸೋತು ಕ್ಯಾಮೆರಾ ಇಳಿಯಿತು, ಮತ್ತೆ ಎದ್ದಿತು. ಆ ದಿನದ ಚಿತ್ರದಲ್ಲಿ ತಂತಿ, ಅದರ ಮೇಲೆ ಅವರದೊಂದು ಅಂಗಿ ಮಾತ್ರ. ತಂತಿಯ ಹಿಂದಿನ ಗೋಡೆಯ ಮೇಲೆ ಬಿದ್ದಿದ್ದ ಒಂದು ಉದ್ದನೆಯ ನೆರಳನ್ನು ತೆಗೆಯಲು ಮಾತ್ರ ಅವಳಿಗೆ ಕಾಲು ಗಂಟೆ ಹಿಡಿಯಿತು.

ಆ ಪ್ರಿಂಟನ್ನು ಅವರು ನೋಡಿ, ಮುಖ ತಿರುಗಿಸಿ, ಕಣ್ಣು ಮುಚ್ಚಿಕೊಂಡರು. ಸಿಟ್ಟೂ ಮಾಡಲಿಲ್ಲ. ಅದು ಅವಳನ್ನು ಸಿಟ್ಟಿಗಿಂತ ಹೆಚ್ಚಾಗಿ ಹೆದರಿಸಿತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಗೆ ಫೋನು ಮಾಡಿದಳು. "ಅವರಿಗೆ ಬೇಡವಂತಮ್ಮ" ಎಂದಳು.

"ಪಟ್ಟಿಯಿಂದ ತೆಗೆಯೋಕೆ ಹೇಳ್ಲಾ?" ಎಂದಳು ಆಚೆ ಕಡೆಯ ಹುಡುಗಿ. "ಡಾಕ್ಟರು ಬಂದು ನಾಲ್ಕಕ್ಕೆ ಸಹಿ ಹಾಕ್ತಾರೆ. ಆಮೇಲೆ ಬೇಕು ಅಂದ್ರೆ ಎರಡು ತಿಂಗಳು ಕಾಯಬೇಕಾಗುತ್ತೆ."

"ತೆಗೀರಿ" ಎಂದು ಫೋನಿಟ್ಟಳು. ಆಮೇಲೆ ಪಾತ್ರೆ ತೊಳೆಯಲು ಹೋದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಕೋಣೆಗೆ ವಾಪಸು ಬಂದಾಗ ಗಂಡ ಮೇಜಿನ ಮುಂದೆ ಕೂತಿದ್ದರು. ನಾಲ್ಕೂ ಪ್ರಿಂಟುಗಳನ್ನು ಸಾಲಾಗಿ ಹರಡಿಕೊಂಡಿದ್ದರು. ಎಡಗೈಯಲ್ಲಿ ಕೆಂಪು ಪೆನ್ಸಿಲ್. ಕುರ್ಚಿಯ ಚಿತ್ರದ ಮೂಲೆಯಲ್ಲಿ ಅಡ್ಡಾದಿಡ್ಡಿ ಒಂದು ಸುತ್ತು ಹಾಕಿದ್ದರು. ಬಾಗಿಲಿನ ಚಿತ್ರದಲ್ಲಿ ಚೌಕಟ್ಟಿನ ಪಕ್ಕಕ್ಕೊಂದು ಸುತ್ತು. ಹಾಸಿಗೆಯ ಚಿತ್ರದಲ್ಲಿ ತಲೆದಿಂಬಿನ ಬಳಿ. ತಂತಿಯ ಚಿತ್ರದಲ್ಲಿ ಕಾಗದ ಹರಿಯುವಷ್ಟು ಒತ್ತಿ ಇನ್ನೊಂದು.

ಕೆಂಪು ಸುತ್ತಿನ ಅರ್ಥ ಅವಳಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ? ಮೂವತ್ತು ವರ್ಷ ಅವರು ಪ್ರೂಫ್ ಎಂಬ ಕಚ್ಚಾ ಪ್ರಿಂಟಿನ ಮೇಲೆ ಹಾಗೆಯೇ ಸುತ್ತು ಹಾಕಿ ಅವಳ ಮೇಜಿಗೆ ಕಳಿಸುತ್ತಿದ್ದರು. ಇಲ್ಲಿ ನೋಡು, ಇಲ್ಲಿ ಕೆಟ್ಟಿದೆ, ಸರಿಮಾಡು.

"ಇನ್ನೂ ಕಲೆ ಉಳಿದಿದೆಯಾ?" ಎಂದಳು. ಅಳು ಬರುವ ಹಾಗಿತ್ತು, ಜೊತೆಗೆ ಕೆಲಸದ ಮರ್ಯಾದೆಯ ಪ್ರಶ್ನೆಯೂ ಆಗಿತ್ತು. ಜೀವ ಹೋಗುವ ಮಾತಿನ ನಡುವೆಯೂ ಈ ಮನುಷ್ಯ ತನ್ನ ಟಚಿಂಗಿನಲ್ಲಿ ತಪ್ಪು ಹುಡುಕುತ್ತಿದ್ದಾರಲ್ಲ! ಪ್ರಿಂಟುಗಳನ್ನು ಎತ್ತಿಕೊಂಡು ದಡದಡ ಕೆಳಗಿಳಿದಳು.

ಕುರ್ಚಿಯ ಚಿತ್ರವನ್ನು ಪರದೆಯ ತುಂಬ ದೊಡ್ಡದು ಮಾಡಿ, ಸುತ್ತು ಹಾಕಿದ ಮೂಲೆಯನ್ನು ಹುಡುಕಿದಳು. ಗೋಡೆ ನುಣ್ಣಗಿತ್ತು. ಒಂದು ಚುಕ್ಕೆಯೂ ಇಲ್ಲ. ಬಾಗಿಲಿನ ಚಿತ್ರ ತೆಗೆದಳು, ಅಲ್ಲೂ ಇಲ್ಲ. ಅನುಮಾನ ಬಂದು, ಕುರ್ಚಿಯ ಚಿತ್ರದ, ತಾನು ತಿದ್ದುವ ಮೊದಲಿನ ಮೂಲವನ್ನು ಪಕ್ಕದಲ್ಲಿ ತೆರೆದಳು.

ಸುತ್ತು ಇದ್ದ ಜಾಗದಲ್ಲಿ ಒಂದು ಮೊಣಕೈ ಇತ್ತು.

ಮಡಚಿದ ತೋಳು, ತೋಳಿನ ಮೇಲೆ ಹಸಿರು ಬಟ್ಟೆ, ಎಂದೋ ಎಣ್ಣೆ ಸಿಡಿದು ಆದ ಚಿಕ್ಕ ಗುರುತು. ದಿಂಬಿನಿಂದ ಆಗ ತಾನೇ ಹಿಂದೆ ಸರಿದ ಕೈ. ಅವಳು ತನ್ನ ಮೊಣಕೈಯನ್ನು ತಿರುಗಿಸಿ ನೋಡಿಕೊಂಡಳು. ಗುರುತು ಅಲ್ಲೇ ಇತ್ತು.

ಬಾಗಿಲಿನ ಮೂಲ ಚಿತ್ರ ತೆಗೆದಳು. ಚೌಕಟ್ಟಿನ ಪಕ್ಕ ಅರ್ಧ ಮುಖ, ಅಲುಗಿ ಮಸುಕಾದದ್ದು, ಆಚೆಗೆ ಓಡುತ್ತಿರುವವಳ ಹಾಗೆ. ಹಾಸಿಗೆಯ ಚಿತ್ರದಲ್ಲಿ ದಿಂಬಿನ ಬಳಿ ಹೊದಿಕೆ ಎಳೆಯುತ್ತಿರುವ ನಾಲ್ಕು ಬೆರಳು. ತಂತಿಯ ಚಿತ್ರದ ಆ ಉದ್ದನೆಯ ನೆರಳಿಗೆ ಕೊನೆಯಲ್ಲಿ ಒಂದು ತಲೆ ಇತ್ತು, ತಲೆಗೊಂದು ಗಂಟು ಹಾಕಿದ ಜಡೆ ಇತ್ತು. ಕಾಲು ಗಂಟೆ ಕೂತು ಉಜ್ಜಿ ಉಜ್ಜಿ ತೆಗೆದದ್ದು ಅವಳು ತನ್ನನ್ನೇ.

"ಅಮ್ಮಾ, ಏನಾಯ್ತು? ಯಾಕೆ ಹೀಗೆ ಬೆವರ್ತಿದೀಯ?" ಎಂದು ಮಗಳು ಎದ್ದು ಬಂದಳು. ಪರದೆ ನೋಡಿದಳು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. "ಅಯ್ಯೋ, ಎಲ್ಲದರಲ್ಲೂ ನೀನಿದ್ದೀಯಲ್ಲೇ ಅಮ್ಮಾ!"

"ಮನೆ ಖಾಲಿ ಅಂತ ಅವರು ಹೇಳೇ ಇಲ್ಲ ಕಣೇ" ಎಂದಳು ಟಚಿಂಗಕ್ಕ. "ಖಾಲಿ ಮಾಡಿದ್ದು ನಾನು." ಗಡಿಯಾರ ನೋಡಿದಳು. ಹನ್ನೆರಡೂ ಕಾಲು. ಬೇಡ ಎಂದು ಆಗಲೇ ಫೋನಿನಲ್ಲಿ ಹೇಳಿಯಾಗಿದೆ. ಹಾಗಂತ ಈಗ ಬೇಕು ಎಂದು ಹೇಳಲು ಅವಳಿಗೇನು ಗೊತ್ತು? ಅವರು ತನ್ನದೇ ಚಿತ್ರ ತೆಗೆದಿದ್ದಾರೆ ಎಂಬುದಷ್ಟೇ ಗೊತ್ತು. ತನ್ನ ಚಿತ್ರ ತೆಗೆದು ಏನು ಹೇಳುತ್ತಿದ್ದಾರೆ? ನಿನ್ನನ್ನು ಬಿಟ್ಟು ಹೋಗಲಾರೆ ಎಂದೋ, ನೀನು ಹೇಳಿದಂತೆ ಆಗಲಿ ಎಂದೋ?

"ಕೇಳೋಣ" ಎಂದಳು ಮಗಳು.

"ಹೇಗೆ ಕೇಳೋದು? ಕೇಳಿದರೆ ತಲೆಯಾಡಿಸ್ತಾರೆ."

ಮಾತಿನಲ್ಲಿ ಕೇಳಿದರೆ ತಾನೆ ತಲೆಯಾಡಿಸುವುದು? ಚಿತ್ರದಲ್ಲೇ ಕೇಳಬೇಕು. ನಾಲ್ಕು ಮೂಲ ಚಿತ್ರಗಳನ್ನೂ ಇದ್ದ ಹಾಗೇ ಪ್ರಿಂಟಿಗೆ ಹಾಕಿದಳು. ಆಸ್ಪತ್ರೆಯ ಚಿತ್ರ ಏನಾದರೂ ಇದೆಯೇ ಎಂದು ಮಗಳ ಫೋನು ಹುಡುಕಿಸಿದಳು. ಒಂದಿತ್ತು. ಐಸಿಯುನ ಗಾಜಿನಾಚೆಯಿಂದ, ಅತ್ತಿಗೆಗೆ ತೋರಿಸಲೆಂದು ಮಗಳು ತೆಗೆದದ್ದು: ಮಂಚ, ನಳಿಕೆಗಳು, ನಡುವೆ ಅವರು. ಅದನ್ನು ಆರು ವಾರದಿಂದ ಯಾರೂ ತೆರೆದು ನೋಡಿರಲಿಲ್ಲ. ಈಗ ಕಾಗದದ ಮೇಲೆ ಬಂದಾಗ ಟಚಿಂಗಕ್ಕನ ಕಣ್ಣು ಹೋಗಿ ಒಂದೇ ಕಡೆ ನಿಂತಿತು. ಅವರ ಎಡಗೈ ಮಣಿಕಟ್ಟನ್ನು ಬಿಳಿ ಪಟ್ಟಿಯಿಂದ ಮಂಚದ ಸರಳಿಗೆ ಕಟ್ಟಿದ್ದರು. ನಳಿಕೆ ಕೀಳುತ್ತಾರೆಂದು ಕಟ್ಟಿರಬೇಕು. ಬಲಗೈ ಸತ್ತಿದೆ, ಬಾಯಿ ಹೋಗಿದೆ, ಇದ್ದ ಒಂದು ಕೈಯನ್ನೂ ಕಟ್ಟಿ ಮೂರು ದಿನ! ಒಳಗೆ ಅವರು ಎಷ್ಟು ಸಲ ರೆಡಿ ರೆಡಿ ಎಂದು ಕೂಗಿದರೋ, ಗಾಜಿನಾಚೆ ನಿಂತವಳಿಗೆ ಕೇಳಿಸಿರಲಿಲ್ಲ.

ಐದು ಚಿತ್ರಗಳನ್ನೂ ತಂದು ಗಂಡನ ಮುಂದಿಟ್ಟಳು. ಅವರು ಮೊದಲು ನೋಡಿದ್ದು ಮೊಣಕೈಯನ್ನು. ಎರಡು ಬೆರಳಿನಿಂದ ಅದನ್ನು ಮೆಲ್ಲಗೆ ತಟ್ಟಿದರು. ಆಮೇಲೆ ಅವಳ ಕಡೆ ನೋಡಿದ ನೋಟದಲ್ಲಿ ನಾಲ್ಕು ದಿನದ ಬೈಗುಳವೆಲ್ಲ ಇತ್ತು.

"ಬೈಯಿರಿ" ಎಂದಳು. "ಮೊದಲು ಇದನ್ನು ನೋಡಿ." ಆಸ್ಪತ್ರೆಯ ಚಿತ್ರವನ್ನು ಮುಂದಕ್ಕೆ ಸರಿಸಿದಳು.

ಅವರ ಮೈ ಹಿಂದಕ್ಕೆ ಹೋಯಿತು. ಎಡಗೈ ಬೀಸಿ ಆ ಪ್ರಿಂಟನ್ನು ನೆಲಕ್ಕೆ ಹಾರಿಸಿದರು. ಮಗಳು ಅಮ್ಮನ ಮುಖ ನೋಡಿದಳು. ಬೇಡವೇ ಆಯಿತೇ ಹಾಗಾದರೆ?

ಆದರೆ ಅವರು ಮುಗಿಸಿರಲಿಲ್ಲ. ಬಾಗಿಲಿನ ಚಿತ್ರವನ್ನು ಎಳೆದುಕೊಂಡು, ಒಂದು ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎಡಗೈಯಿಂದ ಉದ್ದಕ್ಕೆ ಹರಿದರು. ಚೌಕಟ್ಟು ಒಂದು ಕಡೆ ಹೋಯಿತು, ಮಸುಕಾದ ಅರ್ಧ ಮುಖವಿದ್ದ ಚೂರು ಕೈಯಲ್ಲಿ ಉಳಿಯಿತು. ನೆಲಕ್ಕೆ ಬಿದ್ದದ್ದನ್ನು ಬೆರಳಿನಿಂದ ತೋರಿಸಿದರು. ಮಗಳು ಎತ್ತಿಕೊಟ್ಟಳು. ಅವರು ಆಸ್ಪತ್ರೆಯ ಚಿತ್ರವನ್ನು ಮೇಜಿನ ಮೇಲೆ ನೆಟ್ಟಗಿಟ್ಟು, ಮಂಚದ ಎಡಗಡೆಗೆ, ಕಟ್ಟಿದ ಕೈಯ ಮೇಲೆಯೇ, ಆ ಚೂರನ್ನು ಇಟ್ಟರು. ಅಂಚಿಗೆ ಅಂಚು ಕೂಡುವಂತೆ ಸರಿಮಾಡಿದರು. ಹೆಬ್ಬೆರಳಿನಿಂದ ಒತ್ತಿ ಹಿಡಿದು ಅವಳ ಕಡೆ ನೋಡಿದರು. ಅಂಟಿಸು ಎಂಬ ನೋಟ. ಸ್ಟುಡಿಯೋದಲ್ಲಿ ಅವರು ಟಚಿಂಗಕ್ಕನಿಗೆ ಎಂದಿನಿಂದ ಕೊಡುತ್ತಿದ್ದ ಕೆಲಸ. ಇಲ್ಲದವರನ್ನು ತಂದು ಇರುವವರ ಪಕ್ಕ ಕೂರಿಸುವ ಕೆಲಸ.

ಅವಳಿಗೆ ಕಣ್ಣು ಮಂಜಾಯಿತು. ಆದರೂ ಬುದ್ಧಿ ಸಡಿಲ ಬಿಡಲಿಲ್ಲ. ನಾಲ್ಕು ಚಿತ್ರ ತಪ್ಪು ಓದಿದವಳು ಐದನೆಯದನ್ನು ಸರಿ ಓದಿದ್ದೇನೆಂದು ಹೇಗೆ ನಂಬುವುದು? ಚೂರನ್ನು ಎತ್ತಿ ದೂರ ಇಟ್ಟಳು. ಮಂಚ, ನಳಿಕೆ, ಅವರು ಒಬ್ಬರೇ. "ಹೀಗೆ?" ಎಂದಳು. ಕೈ ಬೀಸಿತು, ಚಿತ್ರ ಮತ್ತೆ ನೆಲಕ್ಕೆ. ಎತ್ತಿಟ್ಟು ಚೂರನ್ನು ಪಕ್ಕದಲ್ಲಿಟ್ಟಳು. "ಹೀಗೆ?" ಅವರು ಅಂಗೈ ಹರಡಿ ಎರಡನ್ನೂ ಒಟ್ಟಿಗೆ ಮುಚ್ಚಿ ಹಿಡಿದರು. ಮತ್ತೊಮ್ಮೆ ಮಾಡಿದಳು. ಮತ್ತೆ ಹಾಗೆಯೇ. ಮೂರನೆಯ ಸಲ ಚೂರನ್ನು ತೆಗೆಯಲು ಹೋದಾಗ ಅವರು ಬಿಡಲೇ ಇಲ್ಲ.

"ಅಮ್ಮಾ, ಒಂದೂ ಮುಕ್ಕಾಲು" ಎಂದಳು ಮಗಳು.

ಆಸ್ಪತ್ರೆಯ ಫೋನು ಯಾರೂ ಎತ್ತಲಿಲ್ಲ. ಎರಡು ಬಸ್ಸು ಹಿಡಿದು, ನಡುವೆ ಓಡಿ, ಚೂರು ಮತ್ತು ಚಿತ್ರಗಳನ್ನು ಎದೆಗೊತ್ತಿಕೊಂಡು ಅವಳು ಡಾಕ್ಟರ ಕೋಣೆಯ ಮುಂದೆ ನಿಂತಾಗ ಮೂರೂವರೆ. ಪಟ್ಟಿ ಮೇಜಿನ ಮೇಲಿತ್ತು. ಗಂಡನ ಹೆಸರಿನ ಮೇಲೆ ಪೆನ್ಸಿಲ್ಲಿನ ಒಂದು ಗೆರೆ ಎಳೆದಿತ್ತು.

"ಬೆಳಿಗ್ಗೆ ಬೇಡ ಅಂದಿರಂತೆ" ಎಂದರು ಡಾಕ್ಟರು.

"ನನಗೆ ಓದೋಕೆ ಬರಲಿಲ್ಲ ಡಾಕ್ಟ್ರೇ" ಎಂದು ಅವಳು ಚಿತ್ರಗಳನ್ನು ಹರಡಿ, ಏದುಸಿರು ಬಿಡುತ್ತಲೇ ಮೊದಲಿನಿಂದ ಹೇಳಿದಳು. ಮೊಣಕೈಯ ಕತೆ ಹೇಳಿದಳು, ಕಟ್ಟಿದ ಕೈಯನ್ನು ತೋರಿಸಿದಳು. "ಆಪರೇಷನ್ ಆಗಲಿ ಅಂತಾರೆ. ಎಚ್ಚರ ಆಗುವಾಗ ನಾನು ಪಕ್ಕದಲ್ಲಿರಬೇಕು ಅಂತಾರೆ. ಕೈ ಕಟ್ಟಬಾರದು ಅಂತಾರೆ."

ಡಾಕ್ಟರು ಆ ಚೂರನ್ನು ಕೈಗೆತ್ತಿಕೊಂಡು ನೋಡಿದರು. "ಅಲ್ಲಿಗೆ ಮನೆಯವರನ್ನು ಬಿಡೋ ಪದ್ಧತಿ ಇಲ್ಲ ಅಮ್ಮಾ."

"ಹಾಗಾದ್ರೆ ಅವರ ಒಪ್ಪಿಗೆಯೂ ಇಲ್ಲ" ಎಂದಳು. ಇಷ್ಟು ದೊಡ್ಡ ಮನುಷ್ಯರ ಎದುರು ಅವಳು ಹುಟ್ಟಿದಂದಿನಿಂದ ಇಷ್ಟು ದೊಡ್ಡ ಮಾತು ಆಡಿರಲಿಲ್ಲ.

ಡಾಕ್ಟರು ರಬ್ಬರು ಹುಡುಕಿದರು, ಸಿಗಲಿಲ್ಲ. ಗೆರೆಯನ್ನು ಹಾಗೇ ಬಿಟ್ಟು ಅದರ ಪಕ್ಕದಲ್ಲಿ ಹೆಸರನ್ನು ಮತ್ತೆ ಬರೆದರು. "ಕೋಟು ಟೋಪಿ ಹಾಕ್ಕೊಂಡು ಬರಬೇಕು. ನರ್ಸು ಹೇಳಿದ ಹಾಗೆ ಕೇಳಬೇಕು" ಎಂದರು.

ಮುಂದಿನ ಸೋಮವಾರ ಬೆಳಿಗ್ಗೆ ಏಳಕ್ಕೆ ಗಂಡನನ್ನು ಒಳಗೆ ಕರೆದುಕೊಂಡು ಹೋದರು. ಹನ್ನೊಂದಾಯಿತು, ಹನ್ನೆರಡಾಯಿತು. ಅತ್ತಿಗೆ ಕೂಡ ಮಾತು ನಿಲ್ಲಿಸಿ ಕೂತಿದ್ದರು. ಪ್ರತಿ ಸಲ ಬಾಗಿಲು ತೆರೆದಾಗ ಟಚಿಂಗಕ್ಕ ಎದ್ದು ನಿಂತು, ಇನ್ನಾರದ್ದೋ ಹೆಸರು ಕೇಳಿ ವಾಪಸು ಕೂರುತ್ತಿದ್ದಳು. ಸಹಿ ಹಾಕಿದ ತನ್ನ ಕೈಯನ್ನೇ ನೋಡಿಕೊಂಡು ಕೂತಳು. ಓದಿದ್ದು ಸರಿಯಾಗಿದ್ದರೂ ಆಗುವುದು ಬೇರೆಯಾಗಬಹುದಲ್ಲ. ಅದನ್ನು ಯಾವ ಚಿತ್ರ ಹೇಳುತ್ತದೆ?

ಒಂದು ಗಂಟೆಗೆ ಅವಳನ್ನು ಕರೆದರು. ಹಸಿರು ಕೋಟು ತೊಡಿಸಿದರು, ಟೋಪಿ ಹಾಕಿದರು. ಒಳಗೆ ಸಾಲು ಮಂಚಗಳು, ಎಲ್ಲರಿಗೂ ಒಂದೇ ಬಣ್ಣದ ಹೊದಿಕೆ, ಎಲ್ಲರ ಮುಖವೂ ಒಂದೇ ಬಿಳಿ. ಮೂರನೆಯ ಮಂಚದಲ್ಲಿ ಅವರು. ಕುತ್ತಿಗೆಗೆ ದಪ್ಪನೆಯ ಪಟ್ಟಿ. ಕಣ್ಣು ಮುಚ್ಚಿತ್ತು. ಎಡಗೈ ಕಟ್ಟಿಲ್ಲದೆ ಹೊದಿಕೆಯ ಮೇಲೆ ಬಿದ್ದಿತ್ತು.

"ಈ ಕಡೆ ನಿಂತ್ಕೊಳ್ಳಿ, ಅಲ್ಲಿ ಯಂತ್ರ ಇದೆ" ಎಂದಳು ನರ್ಸು, ಬಲಗಡೆ ತೋರಿಸುತ್ತಾ.

"ಇಲ್ಲಮ್ಮಾ, ಎಡಗಡೆಯೇ ಆಗಬೇಕು" ಎಂದು ಟಚಿಂಗಕ್ಕ ಯಂತ್ರಕ್ಕೂ ಮಂಚಕ್ಕೂ ನಡುವೆ ಹೇಗೋ ತೂರಿಕೊಂಡು ನಿಂತಳು.

ಎಷ್ಟು ಹೊತ್ತಾಯಿತೋ. ರೆಪ್ಪೆ ಅಲುಗಿತು. ಕಣ್ಣು ಅರ್ಧ ತೆರೆಯಿತು, ಮೇಲಿನ ದೀಪವನ್ನು ನೋಡಿತು, ನಳಿಕೆಗಳನ್ನು ನೋಡಿತು. ಹಣೆಯಲ್ಲಿ ಗೆರೆಗಳು ಮೂಡಿದವು. ಉಸಿರು ಜೋರಾಯಿತು. "ರೀ" ಎಂದಳು. ಮುಖ ಮೆಲ್ಲಗೆ ಇತ್ತ ತಿರುಗಿತು. ಟೋಪಿ, ಹಸಿರು ಕೋಟು, ನಡುವೆ ಅವಳ ಮುಖ. ಅವರು ನೋಡಿದರು. ತುಂಬ ಹೊತ್ತು ನೋಡಿದರು. ಗುರುತು ಸಿಕ್ಕಿತೋ ಇಲ್ಲವೋ ಎಂದು ಅವಳು ಟೋಪಿಯನ್ನು ಹಣೆಯಿಂದ ಮೇಲಕ್ಕೆ ಸರಿಸಿದಳು.

ಆಗ ಹೊದಿಕೆಯ ಮೇಲೆ ಎಡಗೈಯ ಎರಡು ಬೆರಳು ಎದ್ದವು. ಗಾಳಿಯಲ್ಲಿ ಸಣ್ಣದಾಗಿ, ಒಳಮುಖವಾಗಿ ಆಡಿದವು. ಕುರ್ಚಿಯ ಮೇಲೆ ಓರೆಯಾಗಿ ಕೂತ ಗಿರಾಕಿಗೆ ಫೋಟೋದವರು ಆಡಿಸುವ ಹಾಗೆ: ಇತ್ತ ಬಾ, ಇನ್ನೂ ಸ್ವಲ್ಪ.

"ಏನಂತೆ? ನೋವಂತಾ?" ಎಂದು ನರ್ಸು ಗಾಬರಿಯಿಂದ ಬಂದಳು.

"ಹತ್ತಿರ ಬರಬೇಕಂತೆ" ಎಂದಳು ಟಚಿಂಗಕ್ಕ. ಒಂದು ಹೆಜ್ಜೆ ಸರಿದಳು. ಬೆರಳು ಇನ್ನೂ ಆಡುತ್ತಿದ್ದವು. ಮಂಚದ ಸರಳು ಹೊಟ್ಟೆಗೆ ಒತ್ತುವವರೆಗೂ ಅವಳು ಇನ್ನೊಂದು ಹೆಜ್ಜೆ ಮುಂದೆ ಹೋದಳು.